ಬಾಟಲಿಯಲ್ಲಿರುವ ಟೆಸ್ಟೋಸ್ಟೆರಾನ್ ಯಾರದು?

ಪ್ರಶ್ನೆ: ನನ್ನ ಮಗಳಿಗೆ ಹದಿನೇಳು ವರ್ಷ. 400 ಮೀಟರ್ ಓಡುತ್ತಾಳೆ. ಹೋದ ವಾರ ಒಂದು ರಾಷ್ಟ್ರೀಯ ಕೂಟದಲ್ಲಿ ಓಟ ಮುಗಿದ ಕೂಡಲೇ ಡೋಪ್ ಟೆಸ್ಟ್ ಅಂತ ಮೂತ್ರದ ಸ್ಯಾಂಪಲ್ ತೆಗೆದುಕೊಂಡರು. ಅವಳು ತಪ್ಪು ಮಾಡಿಲ್ಲ ಅಂತ ನನಗೆ ಗೊತ್ತು. ಆದರೂ ನಿದ್ದೆ ಬರುತ್ತಿಲ್ಲ. ಸ್ನಾಯು ಬೆಳೆಸುವ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನು ಹೆಣ್ಣುಮಕ್ಕಳ ಮೈಯಲ್ಲೂ ಇರುತ್ತದಂತೆ. ಹಾಗಾದರೆ ಮೈಯಲ್ಲೇ ಹುಟ್ಟಿದ್ದು ಯಾವುದು, ಚುಚ್ಚಿಸಿಕೊಂಡಿದ್ದು ಯಾವುದು ಅಂತ ಮೂತ್ರ ನೋಡಿ ಹೇಗೆ ಹೇಳುತ್ತಾರೆ? ಆರು ತಿಂಗಳಿಂದ ಒಂದು ಪ್ರೋಟೀನ್ ಪುಡಿ ಕುಡಿಯುತ್ತಿದ್ದಾಳೆ, ಅದರಿಂದ ತೊಂದರೆ ಆಗಬಹುದಾ? ನಾವು ಜೋಳದ ರೊಟ್ಟಿ ಉಣ್ಣೋ ಜನ, ಊಟದಿಂದ ಏನಾದರೂ ಹೆಚ್ಚುಕಮ್ಮಿ ಆಗುತ್ತಾ? ಬಾಟಲಿ ಅದಲುಬದಲಾದರೆ ಏನು ಗತಿ? (ಒಬ್ಬ ತಂದೆ, ಗದಗ ಜಿಲ್ಲೆ)

ಉತ್ತರ: ಜೋಳದ ರೊಟ್ಟಿಯ ಪ್ರಶ್ನೆಯನ್ನು ನೀವು ಸುಮ್ನೆ ಕೇಳಿರಬೇಕು. ಆದರೆ ನಿಮ್ಮ ಪ್ರಶ್ನೆಗಳಲ್ಲೆಲ್ಲ ಅದೇ ಚೆನ್ನಾಗಿದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇರುವುದೂ ಅದರಲ್ಲೇ. ಅಲ್ಲಿಗೆ ಬರುತ್ತೇನೆ. ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಬಾಟಲಿಯ ವಿಷಯ ಮುಗಿಸೋಣ.

ಆ ದಿನ ನಡೆದದ್ದನ್ನು ಮಗಳ ಹತ್ತಿರ ಒಮ್ಮೆ ನಿಧಾನವಾಗಿ ಕೇಳಿ. ಸೀಲ್ ಆಗಿದ್ದ ಹಲವು ಪೆಟ್ಟಿಗೆಗಳನ್ನು ಮುಂದಿಟ್ಟು, ಒಂದನ್ನು ನೀನೇ ಆರಿಸಿಕೋ ಅಂದಿರುತ್ತಾರೆ. ಪೆಟ್ಟಿಗೆ, ಬಾಟಲಿ, ಮುಚ್ಚಳ ಎಲ್ಲದರ ಮೇಲೂ ಒಂದೇ ನಂಬರ್ ಇದೆಯಾ ಅಂತ ಅವಳಿಂದಲೇ ನೋಡಿಸಿರುತ್ತಾರೆ. ಮೂತ್ರ ಹೊಯ್ಯುವಾಗ ಒಬ್ಬ ಮಹಿಳಾ ಅಧಿಕಾರಿ ಎದುರಿಗೇ ನಿಂತು ನೋಡಿರುತ್ತಾರೆ. ಹದಿನೇಳರ ಹುಡುಗಿಗೆ ಇದು ಮುಜುಗರದ ಸಂಗತಿಯೇ. ಆದರೆ ಬೇರೆಯವರ ಮೂತ್ರವನ್ನು ಚೀಲದಲ್ಲಿ ತುಂಬಿ ಬಟ್ಟೆಯೊಳಗೆ ಬಚ್ಚಿಟ್ಟು ತಂದವರ ಕಥೆಗಳು ಈ ಕ್ಷೇತ್ರದಲ್ಲಿ ಬೇಕಾದಷ್ಟಿವೆ. ಅದಕ್ಕೇ ಈ ನಿಯಮ. ಅವಳಿಗೆ ಹದಿನೆಂಟು ತುಂಬಿಲ್ಲವಾದ್ದರಿಂದ ಜೊತೆಗೆ ಅವಳ ಕಡೆಯ ದೊಡ್ಡವರೊಬ್ಬರು ಇರಬೇಕು. ಇಲ್ಲೊಂದು ತಮಾಷೆ ಇದೆ. ಆ ದೊಡ್ಡವರು ಹುಡುಗಿಯನ್ನು ನೋಡುವ ಹಾಗಿಲ್ಲ. ಹುಡುಗಿಯನ್ನು ನೋಡುತ್ತಿರುವ ಅಧಿಕಾರಿಯನ್ನು ನೋಡಬೇಕು!

ಕಡಿಮೆ ಎಂದರೆ 90 ಮಿಲಿಲೀಟರ್ ಬೇಕು. 400 ಮೀಟರ್ ಓಡಿ ಬೆವರಿಳಿಸಿ ಬಂದವರಿಗೆ ಅಷ್ಟು ಬರುವುದು ಕಷ್ಟ. ಎರಡು ಮೂರು ಗಂಟೆ ಕಾದು ಕೂತವರಿದ್ದಾರೆ. ಹಾಗಂತ ಲೀಟರ್‌ಗಟ್ಟಲೆ ನೀರು ಕುಡಿದರೆ ಮೂತ್ರ ತೀರಾ ತೆಳ್ಳಗಾಗಿ, ಸ್ಯಾಂಪಲ್ ನಡೆಯುವುದಿಲ್ಲ, ಮತ್ತೆ ಕೊಡು ಅನ್ನುತ್ತಾರೆ. ಬಂದದ್ದನ್ನು ಅವಳೇ ತನ್ನ ಕೈಯಾರೆ ಎರಡು ಬಾಟಲಿಗೆ ಹಾಕಬೇಕು. 'ಬಿ'ಗೆ 30, 'ಎ'ಗೆ 60. ಮುಚ್ಚಳ ಟಿಕ್ ಟಿಕ್ ಅನ್ನುತ್ತಾ ಒಂದೇ ಕಡೆಗೆ ತಿರುಗುತ್ತದೆ, ವಾಪಸ್ ಬರುವುದಿಲ್ಲ. ಲ್ಯಾಬಿನಲ್ಲಿ ಅದನ್ನು ಯಂತ್ರದಿಂದ ಒಡೆದೇ ತೆಗೆಯಬೇಕು.

ಲ್ಯಾಬಿಗೆ ಹೋಗುವ ಕಾಗದದಲ್ಲಿ ಅವಳ ಹೆಸರಿಲ್ಲ. ನಂಬರ್, ಗಂಡೋ ಹೆಣ್ಣೋ, ಯಾವ ಆಟ, ಇತ್ತೀಚೆಗೆ ಯಾವ ಔಷಧ ತೆಗೆದುಕೊಂಡಿದ್ದಾರೆ, ಇಷ್ಟೇ. ನಾನು ಇಪ್ಪತ್ತು ವರ್ಷ ಡೋಪ್ ಪರೀಕ್ಷೆಯ ಲ್ಯಾಬಿನಲ್ಲಿ, ಅಣುಗಳನ್ನು ಒಡೆದು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್‌ ಯಂತ್ರಗಳ ಮುಂದೆ ಕೂತವನು. ಬಾಟಲಿಯೊಳಗಿರುವುದು ಚಿನ್ನ ಗೆದ್ದವರ ಮೂತ್ರವೋ ಹೀಟ್ಸ್‌ನಲ್ಲೇ ಸೋತವರದೋ ಯಂತ್ರದ ಮುಂದೆ ಕೂತವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಬಾಟಲಿ ಬದಲಾದ ಚರಿತ್ರೆ ಇಲ್ಲವೇ ಅಂದರೆ, ಇದೆ. 2014ರಲ್ಲಿ ರಷ್ಯಾದ ಸೋಚಿಯಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ರಷ್ಯಾದವರೇ ಲ್ಯಾಬಿನ ಗೋಡೆಯಲ್ಲಿ ಇಲಿಬಿಲದಂಥ ತೂತು ಕೊರೆದು, ರಾತ್ರಿ ಹೊತ್ತು ಬಾಟಲಿಗಳನ್ನು ಪಕ್ಕದ ಕೋಣೆಗೆ ದಾಟಿಸಿದರು. ಅಲ್ಲಿ ಮುಚ್ಚಳ ತೆಗೆದು, ತಿಂಗಳುಗಳ ಹಿಂದೆಯೇ ಕೂಡಿಟ್ಟಿದ್ದ ಶುದ್ಧ ಮೂತ್ರ ತುಂಬಿದರು. ಹೊಸ ಮೂತ್ರದ ಸಾಂದ್ರತೆ ಹಳೆಯದಕ್ಕೆ ಹೊಂದಲಿ ಅಂತ ಉಪ್ಪು ಹಾಕಿದರು. ಕೊನೆಗೆ ಇದಕ್ಕೆ ಸಾಕ್ಷಿಯಾದದ್ದು ಮುಚ್ಚಳದ ಒಳಗಿನ ಗೀರುಗಳು ಮತ್ತು ಅದೇ ಉಪ್ಪು. ಮನುಷ್ಯರ ಮೂತ್ರದಲ್ಲಿ ಇರಲು ಸಾಧ್ಯವೇ ಇಲ್ಲದಷ್ಟು ಉಪ್ಪು ಕೆಲವು ಬಾಟಲಿಗಳಲ್ಲಿತ್ತು. ಮಹಿಳಾ ಐಸ್ ಹಾಕಿಯ ಇಬ್ಬರು ಆಟಗಾರ್ತಿಯರ ಬಾಟಲಿಯಲ್ಲಿ ಗಂಡಸಿನ ಡಿಎನ್‌ಎ ಸಿಕ್ಕಿತು. ಆದರೆ ಗಮನಿಸಿ: ಅಲ್ಲಿ ಲ್ಯಾಬಿನ ನಿರ್ದೇಶಕ, ಕ್ರೀಡಾ ಇಲಾಖೆ, ಗುಪ್ತಚರ ಸಂಸ್ಥೆ ಎಲ್ಲ ಸೇರಿ ಮಾಡಿದ ಕೆಲಸ ಅದು. ಮಾಡಿದ್ದು ತಪ್ಪಿತಸ್ಥರನ್ನು ಉಳಿಸೋದಕ್ಕೆ. ನಿಮ್ಮ ಮಗಳ ಬಾಟಲಿ ಕಣ್ತಪ್ಪಿನಿಂದ ಅದಲುಬದಲಾಗುವ ಭಯ ಬಿಟ್ಟುಬಿಡಿ. ಹಾಗೇನಾದರೂ ಅನುಮಾನ ಬಂದರೆ ಬಾಟಲಿಯಲ್ಲಿರುವ ಮೂತ್ರದ ಡಿಎನ್‌ಎ ನೋಡಿ ಅಂತ ಕೇಳಬಹುದು.

ಈಗ ಲ್ಯಾಬಿನ ಬೆಂಚಿನ ಹತ್ತಿರ ಬನ್ನಿ.

ಟೆಸ್ಟೋಸ್ಟೆರಾನ್ ಒಂದು ಸ್ಟಿರಾಯ್ಡ್. ಸ್ಟಿರಾಯ್ಡ್ ಅನ್ನೋದು ಕೊಬ್ಬಿನ ಜಾತಿಯ ವಸ್ತು. ನೀರಿನಲ್ಲಿ ಕರಗಲ್ಲ. ಮೈ ಅದನ್ನು ಹೊರಗೆ ಹಾಕಬೇಕೆಂದರೆ ನೀರಿನಲ್ಲಿ ಕರಗುವ ಹಾಗೆ ಮಾಡಬೇಕು. ಅದಕ್ಕೇ ಪಿತ್ತಕೋಶ ಇರುವ ಆ ದೊಡ್ಡ ಅಂಗ, ನಮ್ಮ ಲಿವರ್, ಅದರ ರೂಪ ಸ್ವಲ್ಪ ಬದಲಿಸಿ, ಬೆನ್ನಿಗೆ ಸಕ್ಕರೆಯಂಥ ಒಂದು ತುಣುಕು ಕಟ್ಟಿ ಕಳಿಸುತ್ತದೆ. ಹಾಗಾಗಿ ಚುಚ್ಚಿಸಿಕೊಂಡ ಸ್ಟಿರಾಯ್ಡ್ ಮೂತ್ರದಲ್ಲಿ ಇದ್ದ ಹಾಗೇ ಸಿಗುವುದು ಅಪರೂಪ. ನಾವು ಹುಡುಕುವುದು ಅದು ಬಿಟ್ಟುಹೋದ ಕುರುಹುಗಳನ್ನು. ನಮ್ಮ ಮಾತಿನಲ್ಲಿ ಮೆಟಬೊಲೈಟ್.

'ಎ' ಬಾಟಲಿಯಿಂದ ಎರಡು ಮೂರು ಮಿಲಿಲೀಟರ್ ತೆಗೆಯುತ್ತಾರೆ. ಒಂದು ಚಮಚದಷ್ಟೂ ಆಗಲ್ಲ. ಅದಕ್ಕೆ ಮೊದಲು ಲೆಕ್ಕವಿಟ್ಟ ಒಂದಿಷ್ಟು ಗುರುತಿನ ಸ್ಟಿರಾಯ್ಡ್ ಸೇರಿಸುತ್ತಾರೆ, ದಾರಿಯಲ್ಲಿ ಎಷ್ಟು ಸೋರಿತು ಅಂತ ಕೊನೆಗೆ ಗೊತ್ತಾಗಲಿ ಅಂತ. ಆಮೇಲೆ ಇ. ಕೋಲಿ ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವ ಹಾಕಿ 50 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಇಡುತ್ತಾರೆ. ಅದು ಲಿವರ್ ಕಟ್ಟಿದ ಸಕ್ಕರೆ ತುಣುಕನ್ನು ಕತ್ತರಿಸುತ್ತದೆ. ನಂತರ ಈಥರ್ ಜಾತಿಯ ದ್ರಾವಕ ಹಾಕಿ ಕುಲುಕಿದರೆ, ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುವ ಹಾಗೆ ದ್ರಾವಕ ಮೇಲೆ ಬರುತ್ತದೆ. ಸ್ಟಿರಾಯ್ಡ್ ಅದರಲ್ಲಿ. ಕೆಳಗಿನ ಮೂತ್ರ ಬಿಸಾಡಿ, ಮೇಲಿನದನ್ನು ಒಣಗಿಸಿದರೆ ಗಾಜಿನ ಕೊಳವೆಯ ತಳದಲ್ಲಿ ಕಣ್ಣಿಗೆ ಕಾಣಿಸಿದರೂ ಕಾಣಿಸದ ಹಾಗೆ ಒಂದು ಲೇಪ ಉಳಿಯುತ್ತದೆ.

ಆ ಲೇಪ ಬಿಸಿಗೆ ಸುಲಭವಾಗಿ ಆವಿಯಾಗಲಿ ಅಂತ ಇನ್ನೊಂದು ರಾಸಾಯನಿಕದ ಜೊತೆ ಬೇಯಿಸಬೇಕು. ಅದರಲ್ಲಿ ಎಥೇನ್‌ಥಯೋಲ್ ಅಂತ ಒಂದು ಪದಾರ್ಥ ಇರುತ್ತದೆ. ಅಡುಗೆಮನೆಯಲ್ಲಿ ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುತ್ತಲ್ಲ, ಆ ವಾಸನೆ ಇದರದೇ. ಗ್ಯಾಸ್‌ಗೆ ವಾಸನೆ ಇರಲ್ಲ, ಸೋರಿದ್ದು ಗೊತ್ತಾಗಲಿ ಅಂತ ಇದನ್ನು ಬೆರೆಸುತ್ತಾರೆ. ಈ ಕೆಲಸ ಮಾಡುವವರು ಸಂಜೆ ಮನೆಗೆ ಹೋದರೆ ಹೆಂಡತಿ ಮೊದಲು ಹೋಗಿ ರೆಗ್ಯುಲೇಟರ್ ಆಫ್ ಮಾಡುತ್ತಾಳೆ. ನಾನು ಅನುಭವಿಸಿ ಹೇಳುತ್ತಿದ್ದೇನೆ.

ಕೊನೆಗೆ ಯಂತ್ರ. ಹನಿಗಿಂತಲೂ ತೀರಾ ಚಿಕ್ಕ ಪ್ರಮಾಣವನ್ನು ಸಣ್ಣ ಸುರುಳಿ ಕೊಳವೆಯೊಳಗೆ ಚುಚ್ಚುತ್ತಾರೆ. ಕೊಳವೆ ಹತ್ತಾರು ಮೀಟರ್ ಉದ್ದ, ಒಳಗಿನ ಅಗಲ ಕಾಲು ಮಿಲಿಮೀಟರ್‌ನಷ್ಟು. ಅದು ಒಂದು ಓವನ್ ಒಳಗೆ ಸುತ್ತಿಕೊಂಡಿರುತ್ತದೆ. ಬಿಸಿ ಏರಿದ ಹಾಗೆ ಒಂದೊಂದು ಸ್ಟಿರಾಯ್ಡ್ ತನ್ನ ತನ್ನ ಹೊತ್ತಿಗೆ ಸರಿಯಾಗಿ ಹೊರಗೆ ಬರುತ್ತದೆ. ಬಂದ ಕೂಡಲೇ ಎಲೆಕ್ಟ್ರಾನ್‌ಗಳ ಏಟು ಬೀಳುತ್ತದೆ, ಅಣು ಒಡೆಯುತ್ತದೆ. ಮಣ್ಣಿನ ಮಡಕೆ ಬಿದ್ದರೆ ಪ್ರತಿಸಲ ಬೇರೆ ಬೇರೆ ಚೂರಾಗುತ್ತೆ, ಅಲ್ವಾ? ಅಣುಗಳ ವಿಷಯ ಹಾಗಲ್ಲ. ಅದೇ ಬಲದ ಏಟಿಗೆ ಅವು ಅದೇ ಚೂರುಗಳಾಗಿ, ಅದೇ ಪ್ರಮಾಣದಲ್ಲಿ ಒಡೆಯುತ್ತವೆ. ಯಾವ ನಿಮಿಷಕ್ಕೆ ಬಂತು, ಯಾವ ಯಾವ ತೂಕದ ಚೂರಾಯಿತು, ಯಾವ ಚೂರು ಎಷ್ಟು ಪಾಲು ಅನ್ನೋದು ಮೂರೂ ಹೊಂದಿದರೆ ಮಾತ್ರ ಇದು ಇಂಥದೇ ಸ್ಟಿರಾಯ್ಡ್ ಅಂತ ಹೇಳಬಹುದು.

ಎಷ್ಟು ಕಡಿಮೆ ಇದ್ದರೂ ಕಾಣುತ್ತೆ ಅಂತ ಕೇಳಿದರೆ, ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಬಹಳ ಕಾಲ ಲ್ಯಾಬ್‌ಗಳಿಗೆ ಹಾಕಿದ್ದ ಸಾಮಾನ್ಯ ಅಳತೆ ಒಂದು ಮಿಲಿಲೀಟರ್‌ಗೆ 5 ನ್ಯಾನೊಗ್ರಾಂ. ಹತ್ತು ಸಾವಿರ ಲೀಟರ್‌ನ ನೂರು ಟ್ಯಾಂಕರ್ ನೀರಿಗೆ ಒಂದು ಟೀ ಚಮಚ ಸಕ್ಕರೆ ಹಾಕಿ ಕಲಕಿದ ಹಾಗೆ. ಈಗಿನ ಯಂತ್ರಗಳು ಅದಕ್ಕಿಂತಲೂ ಕಡಿಮೆ ಇರುವುದನ್ನು ಹಿಡಿಯುತ್ತವೆ. ಮೊದಲ ಸುತ್ತಿನಲ್ಲಿ ಅನುಮಾನ ಬಂದರೆ ಅಷ್ಟಕ್ಕೇ ವರದಿ ಬರೆಯುವುದಿಲ್ಲ. ಅದೇ 'ಎ' ಬಾಟಲಿಯಿಂದ ಮತ್ತೆ ಹೊಸದಾಗಿ ತೆಗೆದು ಮೊದಲಿನಿಂದ ಎಲ್ಲ ಮಾಡುತ್ತಾರೆ. ಪಕ್ಕದಲ್ಲಿ ಏನೂ ಇಲ್ಲದ ಮೂತ್ರ ಒಂದು, ಬೇಕೆಂದೇ ಆ ಮದ್ದು ಬೆರೆಸಿದ ಮೂತ್ರ ಒಂದು.

ಮೈಯಲ್ಲಿ ಹುಟ್ಟದೇ ಇರುವ ಸ್ಟಿರಾಯ್ಡ್‌ಗಳಿಗೆ ಇಷ್ಟೇ ಸಾಕು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರನ್ನು 9.79 ಸೆಕೆಂಡಿನಲ್ಲಿ ಓಡಿದರು. ಮೂರು ದಿನದಲ್ಲಿ ಚಿನ್ನ ಹೋಯಿತು. ಮೂತ್ರದಲ್ಲಿ ಸಿಕ್ಕಿದ್ದು ಸ್ಟಾನೊಜೊಲಾಲ್‌ನ ಕುರುಹು. ಸ್ಟಾನೊಜೊಲಾಲನ್ನು ಯಾವ ಮನುಷ್ಯನ ಮೈಯೂ ತಯಾರಿಸಲ್ಲ. ಸಿಕ್ಕಿತು ಅಂದರೆ ಹೊರಗಿನಿಂದ ಬಂದಿದೆ, ಮಾತು ಮುಗಿಯಿತು.

ಆದರೆ ಯಂತ್ರಕ್ಕೆ ಏನು ಹುಡುಕು ಅಂತ ಹೇಳಿರುತ್ತೇವೋ ಅದನ್ನೇ ಅದು ಹುಡುಕುತ್ತದೆ. ಅಮೆರಿಕದ ಒಬ್ಬ ರಸಾಯನಶಾಸ್ತ್ರಜ್ಞ ಟಿಎಚ್‌ಜಿ ಅಂತ ಹೊಸದೊಂದು ಸ್ಟಿರಾಯ್ಡ್ ಮಾಡಿದ. ಯಾವ ಪಟ್ಟಿಯಲ್ಲೂ ಅದರ ಹೆಸರಿಲ್ಲ. ಸಾಲದ್ದಕ್ಕೆ, ನಾನು ಮೇಲೆ ಹೇಳಿದ ಬೇಯಿಸುವ ಹಂತದಲ್ಲೇ ಅದು ಛಿದ್ರವಾಗುತ್ತಿತ್ತು, ಯಂತ್ರದ ತನಕ ತಲುಪುತ್ತಲೇ ಇರಲಿಲ್ಲ. 2003ರಲ್ಲಿ ಒಬ್ಬ ಕೋಚ್ ಹೆಸರು ಹೇಳದೆ, ಬಳಸಿ ಬಿಟ್ಟ ಒಂದು ಸಿರಿಂಜನ್ನು ಕಳಿಸಿಕೊಟ್ಟರು. ಲಾಸ್ ಏಂಜಲೀಸ್‌ನ ಲ್ಯಾಬಿನಲ್ಲಿ ಡಾನ್ ಕ್ಯಾಟ್ಲಿನ್ ಅವರ ತಂಡ ಅದರ ತಳದಲ್ಲಿ ಅಂಟಿದ್ದ ಪಸೆಯಿಂದ ಆ ಅಣುವಿನ ರಚನೆ ಬಿಡಿಸಿತು. ಬೇಯಿಸುವ ಗೊಡವೆಯೇ ಇಲ್ಲದ, ದ್ರವದಲ್ಲೇ ನೋಡುವ ಯಂತ್ರದಲ್ಲಿ ಹೊಸ ಪರೀಕ್ಷೆ ಕಟ್ಟಿತು. ಎತ್ತಿಟ್ಟಿದ್ದ ಹಳೆ ಸ್ಯಾಂಪಲ್‌ಗಳನ್ನು ತೆಗೆದು ನೋಡಿದರೆ ಒಬ್ಬೊಬ್ಬರಾಗಿ ಸಿಕ್ಕರು. ಇಡೀ ವಿದ್ಯೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಸಂಗ ಇದು. ಆ ಸಿರಿಂಜ್ ಬಾರದಿದ್ದರೆ ಇನ್ನೆಷ್ಟು ವರ್ಷ ಅದು ನಡೆಯುತ್ತಿತ್ತೋ.

ಹಳೆ ಸ್ಯಾಂಪಲ್ ಎತ್ತಿಡುವುದರ ಲಾಭ ಆಮೇಲೆ ಇನ್ನೂ ದೊಡ್ಡದಾಗಿ ಕಂಡಿತು. ಸ್ಟಿರಾಯ್ಡ್ ನಿಲ್ಲಿಸಿ ಎರಡು ವಾರ ಆದರೆ ಸಿಗಲ್ಲ ಅಂತ ಲೆಕ್ಕ ಹಾಕಿ ತಿನ್ನುತ್ತಿದ್ದವರಿದ್ದರು. 2010ರ ನಂತರ ಕೆಲವು ಲ್ಯಾಬ್‌ಗಳು ತಿಂಗಳುಗಟ್ಟಲೆ ಮೂತ್ರದಲ್ಲಿ ಉಳಿಯುವ ಹೊಸ ಕುರುಹುಗಳನ್ನು ಕಂಡುಹಿಡಿದವು. 2008 ಮತ್ತು 2012ರ ಒಲಿಂಪಿಕ್ಸ್ ಬಾಟಲಿಗಳನ್ನು ಮತ್ತೆ ತೆರೆದಾಗ ನೂರಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಕಜಕಸ್ತಾನದ ವೇಟ್‌ಲಿಫ್ಟರ್ ಇಲ್ಯಾ ಇಲಿನ್ 2016ರಲ್ಲಿ ಎರಡೂ ಚಿನ್ನ ಕಳೆದುಕೊಂಡರು. ಈಗ ಸ್ಯಾಂಪಲ್‌ಗಳನ್ನು ಹತ್ತು ವರ್ಷದವರೆಗೆ ಇಟ್ಟು ಮತ್ತೆ ಪರೀಕ್ಷಿಸಬಹುದು. ದಿಟ್ಟ ಲೆಕ್ಕಾಚಾರದವರು ನಿದ್ದೆಗೆಡಬೇಕಾದ್ದು ಇದಕ್ಕೆ, ನೀವಲ್ಲ.

ನಿಮ್ಮ ಮೊದಲ ಪ್ರಶ್ನೆ ಈಗ. ಟೆಸ್ಟೋಸ್ಟೆರಾನ್ ಎಲ್ಲರ ಮೂತ್ರದಲ್ಲೂ ಇದೆ. ಇದೆಯಾ ಅಂತ ಕೇಳಿದರೆ ಉಪಯೋಗವಿಲ್ಲ. ಎಷ್ಟಿದೆ ಅಂತ ಕೇಳಿದರೂ ಪೂರ್ತಿ ಉಪಯೋಗವಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ. ಇದಕ್ಕೆ ಒಂದು ಜಾಣತನದ ದಾರಿ ಹುಡುಕಿದವರು ಜರ್ಮನಿಯ ಕೊಲೋನ್‌ನ ಮ್ಯಾನ್‌ಫ್ರೆಡ್ ಡೊನಿಕೆ. ಅವರೂ ಹಿಂದೆ ಸೈಕಲ್ ರೇಸ್ ಓಡಿಸಿದ್ದವರೇ, ಟೂರ್ ಡಿ ಫ್ರಾನ್ಸ್‌ನಲ್ಲಿ ಸ್ಪರ್ಧಿಸಿದ್ದವರು. ಮೈ ಟೆಸ್ಟೋಸ್ಟೆರಾನ್ ಜೊತೆಗೇ ಎಪಿಟೆಸ್ಟೋಸ್ಟೆರಾನ್ ಅಂತ ಅವಳಿಯಂಥ ಒಂದನ್ನು ಮಾಡುತ್ತದೆ. ಒಂದೇ ಒಂದು ಕೊಂಡಿ ಮೇಲೆ ಇರಬೇಕಾದ್ದು ಕೆಳಗಿದೆ, ಅಷ್ಟೇ ವ್ಯತ್ಯಾಸ. ಅದರಿಂದ ಸ್ನಾಯು ಬೆಳೆಯಲ್ಲ. ಹೆಚ್ಚಿನವರ ಮೂತ್ರದಲ್ಲಿ ಇವೆರಡೂ ಸುಮಾರು ಸಮ ಇರುತ್ತವೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಹಾಕಿಕೊಂಡರೆ ಒಂದು ಏರುತ್ತೆ, ಇನ್ನೊಂದು ಏರಲ್ಲ. ತಕ್ಕಡಿ ವಾಲುತ್ತದೆ. ಎಪಿಟೆಸ್ಟೋಸ್ಟೆರಾನ್ ಒಂದು ಪಾಲಿಗೆ ಟೆಸ್ಟೋಸ್ಟೆರಾನ್ ಎಷ್ಟು ಪಾಲು ಅನ್ನೋ ಈ ಅನುಪಾತಕ್ಕೆ 1983ರಲ್ಲಿ 6 ಅಂತ ಮಿತಿ ಹಾಕಿದರು, 2005ರಲ್ಲಿ 4ಕ್ಕೆ ಇಳಿಸಿದರು. ಅದೇ 1983ರಲ್ಲಿ ಕರಾಕಸ್‌ನ ಪ್ಯಾನ್ ಅಮೆರಿಕನ್ ಕೂಟಕ್ಕೆ ಡೊನಿಕೆ ಹೊಸ ಯಂತ್ರದೊಂದಿಗೆ ಬಂದಿದ್ದಾರೆ ಅಂತ ಗೊತ್ತಾದಾಗ ಅಮೆರಿಕದ ಸುಮಾರು ಒಂದು ಡಜನ್ ಅಥ್ಲೀಟ್‌ಗಳು ಸ್ಪರ್ಧಿಸದೇ ವಿಮಾನ ಹತ್ತಿ ಮನೆಗೆ ಹೋದರು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇರುತ್ತಾರೆ. ಎರಡನ್ನೂ ಬೆರೆಸಿ ಮೈಗೆ ಹಚ್ಚಿಕೊಂಡರೆ ತಕ್ಕಡಿ ವಾಲುವುದೇ ಇಲ್ಲ. ಟಿಎಚ್‌ಜಿ ಹಂಚಿದ ಬಾಲ್ಕೊ ಕಂಪನಿಯೇ ಅಂಥ ಕ್ರೀಮನ್ನೂ ಹಂಚಿತ್ತು. ಇನ್ನೊಂದು ತೊಡಕು ಹುಟ್ಟಿನಿಂದಲೇ ಬಂದದ್ದು. ಟೆಸ್ಟೋಸ್ಟೆರಾನ್ ಬೆನ್ನಿಗೆ ಸಕ್ಕರೆ ತುಣುಕು ಕಟ್ಟುತ್ತೆ ಅಂದೆನಲ್ಲ, ಆ ಕೆಲಸ ಮಾಡುವ ಒಂದು ಜೀನ್ ಕೆಲವರಲ್ಲಿ ಇರುವುದೇ ಇಲ್ಲ. ಕೊರಿಯಾದ ಗಂಡಸರಲ್ಲಿ ಮೂವರಲ್ಲಿ ಇಬ್ಬರಿಗೆ ಇಲ್ಲ, ಸ್ವೀಡನ್‌ನಲ್ಲಿ ಹತ್ತರಲ್ಲಿ ಒಬ್ಬರಿಗೆ ಇಲ್ಲ. ಇಂಥವರ ಅನುಪಾತ ಹುಟ್ಟಾ ತೀರಾ ಕಡಿಮೆ. ಸ್ವೀಡನ್‌ನಲ್ಲಿ ಇಂಥವರಿಗೆ ಟೆಸ್ಟೋಸ್ಟೆರಾನ್ ಚುಚ್ಚಿ ನೋಡಿದರು. ನೂರಕ್ಕೆ ನಲವತ್ತು ಜನರ ಅನುಪಾತ 4 ಮುಟ್ಟಲೇ ಇಲ್ಲ. ಇನ್ನು ಕೆಲವರಿಗೆ ಏನೂ ತೆಗೆದುಕೊಳ್ಳದೆಯೂ 4 ದಾಟಿರುತ್ತದೆ. ಮದ್ಯ ಕುಡಿದರೂ ಅನುಪಾತ ಏರುತ್ತದೆ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಗರ್ಭನಿರೋಧಕ ಮಾತ್ರೆ ಎಪಿಟೆಸ್ಟೋಸ್ಟೆರಾನನ್ನು ತಗ್ಗಿಸುತ್ತದೆ. ಎಲ್ಲರಿಗೂ ಒಂದೇ ಗೆರೆ ಎಳೆದರೆ ಕಳ್ಳ ತಪ್ಪಿಸಿಕೊಂಡು ಸಾಧು ಸಿಕ್ಕುವ ಹಾಗಾಗುತ್ತದೆ.

ಅದಕ್ಕೇ 2014ರಿಂದ ಅನುಪಾತವನ್ನು ಪಕ್ಕದವರ ಜೊತೆ ಹೋಲಿಸುವುದನ್ನು ಹಿಂದೆ ಹಾಕಿ, ಅಥ್ಲೀಟನ್ನು ಅವರ ಜೊತೆಗೇ ಹೋಲಿಸುತ್ತಾರೆ. ಜೈವಿಕ ಪಾಸ್‌ಪೋರ್ಟ್ ಅಂತ ಅದರ ಹೆಸರು. ನಿಮ್ಮ ಮಗಳ ಮೂತ್ರ ಪ್ರತಿಸಲ ಪರೀಕ್ಷೆಯಾದಾಗಲೂ ಅವಳ ಸ್ಟಿರಾಯ್ಡ್‌ಗಳ ಅಳತೆ ಒಂದು ಕಡೆ ದಾಖಲಾಗುತ್ತದೆ. ಅವಳ ಅನುಪಾತ ಯಾವಾಗಲೂ 0.8 ಇದ್ದು ಒಂದು ಸಲ 3 ಆದರೆ, 4 ದಾಟದಿದ್ದರೂ ಗಂಟೆ ಬಾರಿಸುತ್ತದೆ. ಗಂಟೆ ಬಾರಿಸಿತು ಅಂದರೆ ತಪ್ಪಿತಸ್ಥೆ ಅಂತಲ್ಲ. ಮುಂದಿನ ಪರೀಕ್ಷೆ ಮಾಡಿ ಅಂತ.

ಆ ಮುಂದಿನ ಪರೀಕ್ಷೆಯೇ ನಿಮ್ಮ ಜೋಳದ ರೊಟ್ಟಿ.

ಇಂಗಾಲದಲ್ಲಿ ಮುಖ್ಯವಾಗಿ ಎರಡು ಬಗೆ ಇದೆ. ಹೆಚ್ಚಿನದು 12ರ ತೂಕದ್ದು. ನೂರಕ್ಕೆ ಒಂದರಷ್ಟು ಮಾತ್ರ ಒಂಚೂರು ಭಾರದ್ದು, 13ರದ್ದು. ಗಿಡಗಳು ಗಾಳಿಯಿಂದ ಇಂಗಾಲ ಹೀರುವಾಗ ಭಾರದ್ದನ್ನು ಸ್ವಲ್ಪ ಬಿಟ್ಟುಬಿಡುತ್ತವೆ. ಎಷ್ಟು ಬಿಡುತ್ತವೆ ಅನ್ನೋದು ಗಿಡದ ಜಾತಿಯ ಮೇಲೆ. ಭತ್ತ, ಗೋಧಿ, ತೊಗರಿ, ಶೇಂಗಾ, ಸೋಯಾ ಜಾಸ್ತಿ ಬಿಡುತ್ತವೆ. ಬಿಸಿಲಿಗೆ ಬಗ್ಗದ ಜೋಳ, ರಾಗಿ, ಸಜ್ಜೆ, ನವಣೆ, ಮೆಕ್ಕೆಜೋಳ, ಕಬ್ಬು ಕಡಿಮೆ ಬಿಡುತ್ತವೆ. ಇವುಗಳ ದ್ಯುತಿಸಂಶ್ಲೇಷಣೆಯ ರೀತಿಯೇ ಬೇರೆ. ಎರಡು ಗುಂಪಿನ ನಡುವೆ ಭಾರದ ಇಂಗಾಲದಲ್ಲಿ ಸಾವಿರಕ್ಕೆ ಸುಮಾರು 15 ಪಾಲು ವ್ಯತ್ಯಾಸ. ನಾವು ಉಂಡದ್ದೇ ನಮ್ಮ ಮೈ. ನಿಮ್ಮ ಮಗಳು ಜೋಳದ ರೊಟ್ಟಿ ತಿಂದು ಬೆಳೆದಿದ್ದರೆ ಅವಳ ಕೊಬ್ಬು, ಕೂದಲು, ಹಾರ್ಮೋನು ಎಲ್ಲದರಲ್ಲೂ ಭಾರದ ಇಂಗಾಲ ಅನ್ನ ಉಣ್ಣುವ ಹುಡುಗಿಗಿಂತ ತುಸು ಜಾಸ್ತಿ.

ಔಷಧ ಕಾರ್ಖಾನೆ ಟೆಸ್ಟೋಸ್ಟೆರಾನ್ ಮಾಡುವುದು ಯಾವುದರಿಂದ? ಹೆಚ್ಚಾಗಿ ಸೋಯಾದಂಥ ಗಿಡದ ಎಣ್ಣೆಯಲ್ಲಿರುವ ವಸ್ತುವಿನಿಂದ. ಅಂದರೆ ಹಗುರ ಇಂಗಾಲದ್ದು. ಅಣುವಿನ ರಚನೆ ನೋಡಿದರೆ ಮೈಯ ಟೆಸ್ಟೋಸ್ಟೆರಾನ್‌ಗೂ ಕಾರ್ಖಾನೆಯದಕ್ಕೂ ಎಳ್ಳಷ್ಟೂ ವ್ಯತ್ಯಾಸ ಕಾಣದು. ಆದರೆ ಅದು ಯಾವ ಹೊಲದಿಂದ ಬಂತು ಅನ್ನೋದು ಇಂಗಾಲದಲ್ಲಿ ಬರೆದಿರುತ್ತದೆ.

ಪರೀಕ್ಷೆ ತಾಳ್ಮೆಯದು. ಮೂತ್ರ ಜಾಸ್ತಿ ಬೇಕು. ಒಂದೊಂದು ಸ್ಟಿರಾಯ್ಡನ್ನೂ ಬೇರೆ ಬೇರೆ ಮಾಡಿ ಶುದ್ಧಗೊಳಿಸಿ, ಕೆಂಡದಂಥ ಬಿಸಿ ಕೊಳವೆಯಲ್ಲಿ ಸುಟ್ಟು ಕಾರ್ಬನ್ ಡಯಾಕ್ಸೈಡ್ ಮಾಡಿ, ಆ ಗಾಳಿಯಲ್ಲಿ ಭಾರದ್ದೆಷ್ಟು ಹಗುರದ್ದೆಷ್ಟು ಅಂತ ಅಳೆಯುತ್ತಾರೆ. ಈಗ ಮುಖ್ಯ ಮಾತು. ಟೆಸ್ಟೋಸ್ಟೆರಾನನ್ನು ಅಳೆದು ಸುಮ್ಮನಿರುವುದಿಲ್ಲ. ಅದೇ ಮೂತ್ರದಲ್ಲಿ ಪ್ರೆಗ್ನೇನ್‌ಡಯಾಲ್ ಅಂತ ಇನ್ನೊಂದು ಸ್ಟಿರಾಯ್ಡ್ ಇರುತ್ತದೆ. ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡರೂ ಅದು ಬದಲಾಗಲ್ಲ, ಯಾಕೆಂದರೆ ಅದು ಬರುವುದು ಬೇರೆ ಕವಲಿನಿಂದ. ಅವಳು ಜೋಳ ಉಂಡರೆ ಎರಡೂ ಜೋಳದ ಹಾಗೆ ಭಾರ ಇರಬೇಕು. ಅನ್ನ ಉಂಡರೆ ಎರಡೂ ಹಗುರ. ಒಂದು ಜೋಳದ ಹೊಲದ್ದು, ಇನ್ನೊಂದು ಸೋಯಾ ಹೊಲದ್ದು ಅಂತ ಬಂದರೆ, ಅಂತರ ಸಾವಿರಕ್ಕೆ ಸುಮಾರು 3 ದಾಟಿದರೆ, ಹೊರಗಿನದು ಅಂತ ಖಾತ್ರಿ. ಹೀಗೆ ಊಟವೇ ಸಾಕ್ಷಿಯಾಗುತ್ತದೆ. ನಿಮ್ಮ ರೊಟ್ಟಿಯಿಂದ ಯಾವ ತೊಂದರೆಯೂ ಇಲ್ಲ. ನಿಜ ಹೇಳಬೇಕೆಂದರೆ ಜೋಳ ಉಣ್ಣುವವರು ಮೋಸ ಮಾಡಿದರೆ ಬೇಗ ಸಿಗುತ್ತಾರೆ, ಅಂತರ ದೊಡ್ಡದಾಗಿ ಕಾಣುತ್ತೆ. ಬರೀ ಅನ್ನ, ಗೋಧಿ ತಿನ್ನುವವರ ಸ್ವಂತ ಟೆಸ್ಟೋಸ್ಟೆರಾನ್ ಕಾರ್ಖಾನೆಯದಕ್ಕೆ ಹತ್ತಿರ ಇರುವುದರಿಂದ ಅವರದ್ದು ಹಿಡಿಯುವುದು ಕಷ್ಟ. ಮೆಕ್ಕೆಜೋಳ ಜಾಸ್ತಿ ತಿನ್ನುವ ಅಮೆರಿಕದವರಿಗೂ ಯುರೋಪಿನವರಿಗೂ ಇದೇ ವ್ಯತ್ಯಾಸ ಕಂಡಿದೆ.

ಈ ಪರೀಕ್ಷೆ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ದೆಹಲಿಯ ರಾಷ್ಟ್ರೀಯ ಡೋಪ್ ಟೆಸ್ಟಿಂಗ್ ಲ್ಯಾಬ್‌ಗೆ 2008ರಲ್ಲಿ ವಾಡಾ ಮಾನ್ಯತೆ ಸಿಕ್ಕಿತ್ತು. 2019ರ ಆಗಸ್ಟ್‌ನಲ್ಲಿ ಅದನ್ನು ಅಮಾನತಿನಲ್ಲಿಟ್ಟರು. ವಾಡಾ ಹೆಸರಿಸಿದ ಕೊರತೆಗಳಲ್ಲಿ ಈ ಇಂಗಾಲದ ಪರೀಕ್ಷೆಯೂ ಇತ್ತು. 2021ರ ಡಿಸೆಂಬರ್‌ನಲ್ಲಿ ಮಾನ್ಯತೆ ವಾಪಸ್ ಬರುವ ತನಕ ನಮ್ಮ ಅಥ್ಲೀಟ್‌ಗಳ ಬಾಟಲಿಗಳು ವಿದೇಶಕ್ಕೆ ಹಾರುತ್ತಿದ್ದವು. ಲ್ಯಾಬ್‌ಗಳ ಮೇಲೂ ಕಣ್ಣಿರುತ್ತದೆ ಅಂತ ತಿಳಿಯಲಿ ಅಂತ ಹೇಳಿದೆ. ವಾಡಾ ಆಗಾಗ ಎಲ್ಲ ಲ್ಯಾಬ್‌ಗೂ ಪರೀಕ್ಷೆಗೆಂದೇ ತಯಾರಿಸಿದ ಮೂತ್ರ ಕಳಿಸುತ್ತದೆ. ಕೆಲವೊಮ್ಮೆ ಅದು ಮಾಮೂಲಿ ಅಥ್ಲೀಟ್‌ನ ಬಾಟಲಿಯ ವೇಷದಲ್ಲೇ ಬರುತ್ತದೆ. ಇದರಲ್ಲಿ ನಿರಪರಾಧಿಯನ್ನು ಪಾಸಿಟಿವ್ ಅಂದುಬಿಟ್ಟರೆ ಲ್ಯಾಬಿನ ಕಥೆ ಅಷ್ಟೇ.

ಇನ್ನು ಪ್ರೋಟೀನ್ ಪುಡಿ. ನಾನು ನಿಮ್ಮನ್ನು ಹೆದರಿಸಬೇಕಾದ ಜಾಗ ಇದ್ದರೆ ಇದೊಂದೇ. ಲ್ಯಾಬು ಮೂತ್ರದಲ್ಲಿ ಏನಿದೆ ಅಂತ ಹೇಳುತ್ತದೆ. ಹೇಗೆ ಬಂತು ಅಂತ ಹೇಳುವುದಿಲ್ಲ. ನಿಯಮದ ಪ್ರಕಾರ ತನ್ನ ಮೈಯೊಳಗೆ ಏನು ಹೋದರೂ ಅದಕ್ಕೆ ಅಥ್ಲೀಟೇ ಹೊಣೆ. ಗೊತ್ತಿರಲಿಲ್ಲ ಅಂದರೆ ಶಿಕ್ಷೆ ಕಡಿಮೆ ಆಗಬಹುದು, ಆಗದೇ ಇರಬಹುದು. ಕೊಲೋನ್ ಲ್ಯಾಬಿನವರು 2000–2001ರಲ್ಲಿ 13 ದೇಶಗಳ ಅಂಗಡಿಗಳಿಂದ 634 ಪೂರಕ ಆಹಾರಗಳನ್ನು ಕೊಂಡು ಪರೀಕ್ಷಿಸಿದರು. 94ರಲ್ಲಿ ಲೇಬಲ್ ಮೇಲೆ ಬರೆದಿರದ ಸ್ಟಿರಾಯ್ಡ್ ಸಿಕ್ಕಿತು. ಆರೇಳು ಡಬ್ಬಿಗೆ ಒಂದು!

2011ರಲ್ಲಿ ನಮ್ಮ ಮಹಿಳಾ ರಿಲೇ ಓಟಗಾರ್ತಿಯರಿಗೆ ಆದದ್ದು ನಿಮಗೆ ನೆನಪಿರಬಹುದು. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರೂ ಅದರಲ್ಲಿದ್ದರು. ಹಿಂದಿನ ವರ್ಷವಷ್ಟೇ ಕಾಮನ್‌ವೆಲ್ತ್ ಮತ್ತು ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿದ್ದ ಹುಡುಗಿಯರೂ ಅವರಲ್ಲಿದ್ದರು. ಮೂತ್ರದಲ್ಲಿ ಮಿಥಾಂಡಿಯನೋನ್ ಎಂಬ ಸ್ಟಿರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್‌ಸೆಂಗ್ ಮಾತ್ರೆಯಲ್ಲಿ ಅದು ಬೆರೆತಿತ್ತು, ನಮಗೆ ಗೊತ್ತಿರಲಿಲ್ಲ ಅನ್ನೋದು ಅವರ ವಾದ. ಇಲ್ಲಿನ ಶಿಸ್ತು ಸಮಿತಿ ಒಂದು ವರ್ಷ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಷನ್ ಅದು ಸಾಲದು ಅಂತ ಸ್ವಿಟ್ಜರ್ಲೆಂಡಿನ ಲಾಸಾನ್‌ನಲ್ಲಿರುವ ಕ್ರೀಡಾ ನ್ಯಾಯಾಲಯಕ್ಕೆ ಹೋಯಿತು. 2012ರಲ್ಲಿ ನಿಷೇಧ ಎರಡು ವರ್ಷ ಆಯಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಈಗಿನ ನಿಯಮದಲ್ಲಿ ಸ್ಟಿರಾಯ್ಡ್‌ಗೆ ಶುರುವೇ ನಾಲ್ಕು ವರ್ಷದಿಂದ. 400 ಮೀಟರ್ ಓಡುವವರ ಬದುಕಿನಲ್ಲಿ ನಾಲ್ಕು ವರ್ಷ ಅಂದರೆ ಹೆಚ್ಚುಕಮ್ಮಿ ಇಡೀ ಬದುಕು.

ಹಾಗಾಗಿ ಆ ಪುಡಿಯನ್ನು ಇವತ್ತೇ ನಿಲ್ಲಿಸಿ. ಡಬ್ಬಿ ಬಿಸಾಡಬೇಡಿ. ಬ್ಯಾಚ್ ನಂಬರ್ ಇರುವ ಹಾಗೆ, ಉಳಿದ ಪುಡಿಯ ಸಮೇತ, ಅಂಗಡಿಯ ಬಿಲ್ ಜೊತೆ ಎತ್ತಿಡಿ. ಅದೇ ಬ್ಯಾಚಿನ ಸೀಲ್ ಒಡೆಯದ ಇನ್ನೊಂದು ಡಬ್ಬಿ ಸಿಕ್ಕರೆ ಅದನ್ನೂ ಕೊಂಡಿಡಿ. ಎಲ್ಲಾದರೂ ಬೇಕಾದೀತು. ಹದಿನೇಳರ ಹುಡುಗಿಗೆ ಪ್ರೋಟೀನ್ ಬೇಕೆಂದರೆ ಮೊಟ್ಟೆ, ಹಾಲು, ಶೇಂಗಾ, ಹೆಸರುಕಾಳು ಸಾಕು. ಇವುಗಳಿಂದ ಸಿಕ್ಕಿಬಿದ್ದವರನ್ನು ನಾನು ಕಂಡಿಲ್ಲ. ಲೇಬಲ್ ಇಲ್ಲದ ಶಕ್ತಿವರ್ಧಕ ಚೂರ್ಣ, ಲೇಹ್ಯಗಳೂ ಬೇಡ. ನಾಟಿ ಔಷಧ ಅಂದಾಕ್ಷಣ ಅದರಲ್ಲಿ ಬೇರೇನೂ ಬೆರೆಸಿಲ್ಲ ಅನ್ನೋ ಹಾಗಿಲ್ಲ.

ಮಗಳನ್ನು ಇನ್ನೊಂದು ವಿಷಯ ಅವಳ ತಾಯಿಯ ಮೂಲಕ ಕೇಳಿಸಿ. ಹಬ್ಬ, ಮದುವೆ, ದೊಡ್ಡ ಓಟ ಅಂತ ಮುಟ್ಟು ಮುಂದೂಡಲು ನಮ್ಮ ಹೆಣ್ಣುಮಕ್ಕಳು ನುಂಗುವ ಮಾತ್ರೆಯಲ್ಲಿ ನಾರ್‌ಎಥಿಸ್ಟಿರಾನ್ ಇರುತ್ತದೆ. ಅದು ನಿಷೇಧವಲ್ಲ. ಆದರೆ ನಾಂಡ್ರೊಲೋನ್ ಎಂಬ ಸ್ಟಿರಾಯ್ಡಿನ ಕುರುಹು ಅದರಿಂದಲೂ ಮೂತ್ರದಲ್ಲಿ ಚೂರು ಕಾಣಿಸಬಹುದು. ಲ್ಯಾಬಿನವರಿಗೆ ಇದು ಗೊತ್ತು. ಕುರುಹು ಕಡಿಮೆ ಇದ್ದಾಗ ಈ ಮಾತ್ರೆಯ ಗುರುತೂ ಇದೆಯಾ ಅಂತ ನೋಡುತ್ತಾರೆ. ಆದರೂ ನುಂಗಿದ್ದನ್ನು ಸ್ಯಾಂಪಲ್ ಕೊಡುವಾಗ ಫಾರಂನಲ್ಲಿ ಬರೆಯುವುದು ಒಳ್ಳೆಯದು. ನಾಚಿಕೊಂಡು ಬಿಟ್ಟವರಿದ್ದಾರೆ.

ಲ್ಯಾಬು ಸಾಮಾನ್ಯವಾಗಿ ಇಪ್ಪತ್ತು ದಿನದೊಳಗೆ ವರದಿ ಕೊಡಬೇಕು. ಅನುಮಾನದ ಸ್ಯಾಂಪಲ್ ಆದರೆ ಇನ್ನಷ್ಟು ದಿನ ಹಿಡಿಯಬಹುದು. ಒಂದು ವೇಳೆ 'ಎ'ದಲ್ಲಿ ಏನಾದರೂ ಸಿಕ್ಕಿತು ಅಂತ ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾದಿಂದ ನೋಟಿಸ್ ಬಂದರೆ, 'ಬಿ' ಬಾಟಲಿ ತೆರೆಸುವ ಹಕ್ಕು ಅವಳಿಗಿದೆ. ತೆರೆಯುವಾಗ ನೀವೇ ಹೋಗಿ ಎದುರಿಗೆ ನಿಲ್ಲಬಹುದು, ನಂಬರ್ ನೋಡಬಹುದು, ಮುಚ್ಚಳ ನೋಡಬಹುದು. ಉತ್ತರಿಸಲು ಕೊಟ್ಟ ದಿನಗಳು ಕಡಿಮೆ ಇರುತ್ತವೆ, ಆ ಗಡುವು ತಪ್ಪಿಸಬೇಡಿ.

ಅವತ್ತು ಸಹಿ ಹಾಕಿಸಿಕೊಂಡ ಫಾರಂನ ಒಂದು ಪ್ರತಿಯನ್ನು ಮಗಳ ಕೈಗೆ ಕೊಟ್ಟಿರುತ್ತಾರೆ. ಬಹುಶಃ ಅದು ಅವಳ ಸ್ಪೋರ್ಟ್ಸ್ ಬ್ಯಾಗಿನ ತಳದಲ್ಲಿ ಬೆವರಿನ ಸಾಕ್ಸ್ ಜೊತೆ ಮುದ್ದೆಯಾಗಿ ಬಿದ್ದಿದೆ. ಹುಡುಕಿ ತೆಗೆಯಿರಿ. ಅದರಲ್ಲಿ ಬಾಟಲಿಯ ನಂಬರ್ ಇದೆ, ಅವಳು ಯಾವ ಔಷಧ, ಯಾವ ಪುಡಿ ಅಂತ ಬರೆಸಿದ್ದಾಳೆ ಅನ್ನೋದೂ ಇದೆ. ಪ್ರೋಟೀನ್ ಪುಡಿಯ ಹೆಸರು ಅಲ್ಲಿದೆಯಾ ನೋಡಿ.